ಹದಿನೇಳು ನಂಬರ್ ಫಾರ್ಮು

ಆ ಕೆಂಪು ಬಣ್ಣವನ್ನು ಯಾರಿಗೆ ಹಚ್ಚಿದ್ದೀರಿ? ಮೊದಲು ಅದನ್ನು ಹೇಳಿ.

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ. ನನ್ನ ಮಾಸ್ತರಿಕೆ ಸವೆದದ್ದು ಈ ಊರುಗಳಲ್ಲೇ. ನಾನು ಕಂಡ ಕನ್ನಡ ಶಾಲೆಗಳ ಆಫೀಸಿನಲ್ಲಿ ಈಗ ಹೊಸ ನಮೂನೆಯ ವರದಿಯೊಂದು ಓಡಾಡುತ್ತಿದೆ. ಅದರಲ್ಲಿ ಮಗುವಿನ ಹೆಸರಿದೆ, ಹಾಜರಿಯಿದೆ, ಹಿಂದಿನ ಅಂಕಗಳಿವೆ. ಕೊನೆಯ ಅಂಕಣದಲ್ಲಿ ಮುಂದಿನ ವರ್ಷ ಹತ್ತನೆಯ ಬೋರ್ಡಿನಲ್ಲಿ ಆ ಮಗು ಎಷ್ಟು ಅಂಕ ತೆಗೆಯುತ್ತದೆ, ಪಾಸಾಗುತ್ತದೋ ಇಲ್ಲವೋ ಎಂಬ ಅಂದಾಜಿದೆ. ಹಸಿರು, ಹಳದಿ, ಕೆಂಪು. ಕೆಂಪಿನ ಪಟ್ಟಿಯನ್ನು ನಾನು ಬೆರಳಿಟ್ಟು ಓದಿದ್ದೇನೆ. ಕಟ್ಟಡ ಕೂಲಿಯವರ ಮಕ್ಕಳು. ನಾಲ್ಕು ಮನೆ ಪಾತ್ರೆ ತಿಕ್ಕುವವಳ ಮಗಳು. ಹೋಟೆಲಿನ ಮೋರಿ ಪಕ್ಕ ಕೂತು ಕಪ್ಪು ತೊಳೆಯುವವನ ಮಗ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಗಂಟು ಕಟ್ಟಿಕೊಂಡು ಬಂದು ಬೆಳಗಾದರೆ ಕೂಲಿಗಾಗಿ ನಾಕಾದಲ್ಲಿ ನಿಲ್ಲುವ ಲಂಬಾಣಿ, ವಡ್ಡರ, ಮಾದಿಗ ಮನೆಗಳ ಹುಡುಗಿಯರು.

ಬಡವರ ಮಕ್ಕಳು ಯಾರೆಂದು ಕಂಡುಹಿಡಿಯಲು ನಿಮಗೆ ಕಂಪ್ಯೂಟರು ಬೇಕಾಯಿತೆ?

ಆ ಪಟ್ಟಿ ಬಂದ ಮೇಲೆ ಏನಾಗುತ್ತದೆ, ಅದನ್ನು ಹೇಳುತ್ತೇನೆ. ನಾನು ದುಡಿಯುತ್ತಿದ್ದ ಒಂದು ಶಾಲೆಯಲ್ಲಿ ಕೆಂಪಿನ ಮಕ್ಕಳ ತಾಯಂದಿರನ್ನು ಆಫೀಸಿಗೆ ಕರೆಸಿದರು. ಕೆಲಸ ಬಿಟ್ಟು, ಅರ್ಧ ದಿನದ ಪಗಾರ ಕಳೆದುಕೊಂಡು ಬಂದವರು ಅವರು. ಒಬ್ಬಾಕೆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನನ್ನು ಕೇಳಿದಳು: "ಅಕ್ಕೋರ, ಈ ಕಾಗದದಾಗ ಏನ್ ಬರದೈತ್ರಿ?" ನಾನು ಬಾಯಿ ತೆರೆಯುವ ಮೊದಲೇ ಮೇಜಿನ ಆಚೆಯಿಂದ ಉತ್ತರ ಬಂತು: "ನಿಮ್ಮ ಮಗಳು ಹತ್ತನೇದು ಪಾಸಾಗಲ್ಲ ಅಂತ ಕಂಪ್ಯೂಟರ್ ಹೇಳಿದೆ. ಹದಿನೇಳು ನಂಬರ್ ಫಾರ್ಮು ತುಂಬಿ. ಇಲ್ಲಿ ಸಹಿ ಮಾಡಿ." ಆಕೆ ಪೆನ್ನು ಹಿಡಿಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಕಂಪ್ಯೂಟರಿಗೆ ನಮ್ಮ ಹುಡುಗಿ ಗೊತ್ತೇನ್ರಿ?"

ಆ ಪ್ರಶ್ನೆಗೆ ಆ ಕೋಣೆಯಲ್ಲಿದ್ದ ಒಬ್ಬ ಪದವೀಧರನ ಬಳಿಯೂ ಉತ್ತರವಿರಲಿಲ್ಲ. ನಾನು ಅಡ್ಡ ನಿಂತೆ. ನನಗೆ ಮೆಮೊ ಬಂತು. ಹುಡುಗಿಯ ಹೆಸರು ಹಾಜರಿ ಪುಸ್ತಕದಿಂದ ಇಳಿಯಿತು.

ಹದಿನೇಳು ನಂಬರ್ ಫಾರ್ಮು ಎಂದರೆ ಏನೆಂದು ಮಹಾರಾಷ್ಟ್ರದಾಚೆಯ ಓದುಗರಿಗೆ ಹೇಳಬೇಕು. ಶಾಲೆ ಬಿಟ್ಟವರು ಖಾಸಗಿಯಾಗಿ ಹತ್ತನೆಯ ಪರೀಕ್ಷೆಗೆ ಕೂರಲಿ ಎಂದು ರಾಜ್ಯ ಬೋರ್ಡು ಇಟ್ಟ ದಾರಿ ಅದು. ಸಂಸಾರಕ್ಕೆ ಬಿದ್ದ ಹೆಂಗಸು, ಎಳವೆಯಲ್ಲೇ ದುಡಿಮೆಗೆ ಬಿದ್ದ ಗಂಡಸು ಮತ್ತೆ ಓದಿಗೆ ಮರಳಲೆಂದು ಮಾಡಿದ್ದು. ಒಳಗೆ ಕರೆದುಕೊಳ್ಳಲು ಮಾಡಿದ ಆ ಫಾರ್ಮನ್ನು ಹೊರಗೆ ದಬ್ಬಲು ಬಳಸುವುದನ್ನು ನಮ್ಮ ಶಾಲೆಗಳು ಬಹಳ ಹಿಂದೆಯೇ ಕಲಿತವು. ಒಂಬತ್ತನೆಯಲ್ಲಿ 'ಕಚ್ಚಾ' ಎನಿಸಿಕೊಂಡ ಮಗುವಿನ ಹೆಸರು ಇಳಿದರೆ ಹತ್ತನೆಯ ಫಲಿತಾಂಶ ನೂರಕ್ಕೆ ನೂರು. ಸ್ಟೇಷನ್ ರಸ್ತೆಯಲ್ಲಿ ಬ್ಯಾನರು. ಟ್ರಸ್ಟಿಗಳ ಕೊರಳಿಗೆ ಹಾರ. ಮೊದಲು ಈ ಕೆಲಸವನ್ನು ಮಾಸ್ತರರು ಕಣ್ಣಂದಾಜಿನಲ್ಲಿ ಮಾಡುತ್ತಿದ್ದರು, ಒಳಗೊಳಗೇ ಅಳುಕುತ್ತಿದ್ದರು. ಈಗ ಅಳುಕಿಲ್ಲ. ವರದಿಯೇ ಹೇಳಿದೆಯಲ್ಲ.

ಪಾಪವನ್ನು ಯಂತ್ರದ ಖಾತೆಗೆ ಬರೆದು ಮನುಷ್ಯರು ಮನೆಗೆ ಹೋಗಿ ಊಟ ಮಾಡಿದರು.

ಇಂಥ ಭವಿಷ್ಯವನ್ನು ನಾನು ಕಿವಿಯಾರೆ ಕೇಳಿ ಬೆಳೆದವಳು. ಎಂಬತ್ತರ ದಶಕ. ಸರ್ಕಾರಿ ನಿಗಮ ಸಿಡ್ಕೊ ನವಿಮುಂಬಯಿ ಎಂಬ ಹೊಸ ಊರು ಕಟ್ಟುತ್ತಿದ್ದ ಕಾಲ. ಆ ಊರಿಗೆ ಬೇಕಾದ ಕಲ್ಲನ್ನು ತುರ್ಭೆ ಕಡೆಯ ಕ್ವಾರಿಗಳಲ್ಲಿ ನನ್ನ ಅಪ್ಪ ಅವ್ವ ಒಡೆಯುತ್ತಿದ್ದರು. ನಾಲ್ಕನೆಯ ಕ್ಲಾಸಿನ ಸ್ಕಾಲರ್‌ಶಿಪ್ ಪರೀಕ್ಷೆಗೆ ಹೆಸರು ಬರೆದುಕೊಳ್ಳುವ ದಿನ ನಾನು ಕೈ ಎತ್ತಿದೆ. ಮಾಸ್ತರರು ಇಡೀ ಕ್ಲಾಸಿನ ಮುಂದೆ ಹೇಳಿದರು: "ವಡ್ಡರ ಪೋರಿ, ಕೈ ಇಳಿಸು. ನಾಳೆ ಸುತ್ತಿಗಿ ಹಿಡಿಯೋ ಕೈಗೆ ಸ್ಕಾಲರ್‌ಶಿಪ್ ಯಾಕ?" ಕ್ಲಾಸು ನಕ್ಕಿತು. ನಾನು ಕೈ ಇಳಿಸಿದೆ. ನನ್ನ ಪಕ್ಕದಲ್ಲಿ ಕೂತಿದ್ದ ಗೆಳತಿ, ನಮ್ಮದೇ ಓಣಿಯವಳು, ಅರ್ಧ ಎತ್ತಿದ್ದ ಕೈಯನ್ನು ನನಗಿಂತ ಮೊದಲೇ ಇಳಿಸಿದ್ದಳು. ಲೆಕ್ಕದಲ್ಲಿ ಅವಳು ನನಗಿಂತ ಚುರುಕು. ಮರುವರ್ಷ ಅವಳು ಶಾಲೆಗೆ ಬರಲಿಲ್ಲ. ಕ್ವಾರಿಯಲ್ಲಿ ಖಡಿ ಹೊತ್ತಳು. ಮದುವೆಯಾದಳು. ಧೂಳು ಕುಡಿದ ಎದೆಯಿಂದ ಕೆಮ್ಮುತ್ತ ಬೇಗ ಹೋದಳು.

ನಾನು ಓದಿದೆ, ಡಿ.ಎಡ್. ಮಾಡಿದೆ, ಅಕ್ಕೋರು ಎನಿಸಿಕೊಂಡೆ ಎಂದು ಯಾರೂ ಬೆನ್ನು ತಟ್ಟಬೇಡಿ. ಆ ಮಾಸ್ತರರ ಭವಿಷ್ಯ ನನ್ನ ಪಾಲಿಗೆ ಸುಳ್ಳಾಯಿತು, ಅವಳ ಪಾಲಿಗೆ ನಿಜವಾಯಿತು. ನಿಜವಾದದ್ದು ಹೇಗೆ? ಹೇಳಿದವರೇ ಅದನ್ನು ನಿಜ ಮಾಡಿದರು. ಹವಾಮಾನ ಇಲಾಖೆ ಮಳೆ ಬರುತ್ತದೆ ಎಂದರೂ ಬರುವುದಿಲ್ಲ ಎಂದರೂ ಮೋಡಕ್ಕೆ ಅದು ಕೇಳಿಸುವುದಿಲ್ಲ.

ಮಗುವಿಗೆ ಕೇಳಿಸುತ್ತದೆ.

ಮಗುವಿಗಿಂತ ಮೊದಲು ಮಾಸ್ತರಿಗೆ ಕೇಳಿಸುತ್ತದೆ, ಅಪಾಯ ಇರುವುದು ಅಲ್ಲಿ. 1968ರಲ್ಲಿ ರೋಸೆಂಥಾಲ್ ಮತ್ತು ಜೇಕಬ್‌ಸನ್ ಎಂಬ ಇಬ್ಬರು ಕ್ಯಾಲಿಫೋರ್ನಿಯದ ಒಂದು ಶಾಲೆಯಲ್ಲಿ ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ಚೀಟಿ ಎತ್ತಿದ ಹಾಗೆ ಐವರಲ್ಲಿ ಒಬ್ಬರಂತೆ ಮಕ್ಕಳನ್ನು ಆರಿಸಿ, ಈ ಮಕ್ಕಳು ಈ ವರ್ಷ ಅರಳುತ್ತಾರೆ ಎಂದು ಪರೀಕ್ಷೆ ತೋರಿಸಿದೆ ಎಂದು ಶಿಕ್ಷಕರಿಗೆ ಹೇಳಿದ್ದರು. ಪರೀಕ್ಷೆ ಹಾಗೇನೂ ತೋರಿಸಿರಲಿಲ್ಲ. ವರ್ಷದ ಕೊನೆಗೆ ಕೆಳಗಿನ ತರಗತಿಗಳಲ್ಲಿ ಆ ಮಕ್ಕಳು ಉಳಿದವರಿಗಿಂತ ಮುಂದೆ ಹೋಗಿದ್ದರು. ಪರಿಣಾಮ ಎಷ್ಟು ದೊಡ್ಡದು ಎಂಬ ಬಗ್ಗೆ ವಿದ್ವಾಂಸರು ಇಂದಿಗೂ ಜಗಳವಾಡುತ್ತಾರೆ. ಆಡಲಿ. ನಾಲ್ಕನೆಯ ಕ್ಲಾಸಿನಲ್ಲಿ ಇಳಿದ ಎರಡು ಕೈಗಳನ್ನು ಕಂಡ ನನಗೆ ಅದರ ಅಳತೆ ಗೊತ್ತು.

ಈಗ ಲೆಕ್ಕಕ್ಕೆ ಬನ್ನಿ. ವರದಿಯನ್ನು ಓದುವುದು ಹೇಗೆಂದು ನಮಗೆ ಯಾರೂ ಕಲಿಸಲಿಲ್ಲ. ಅರ್ಧ ದಿನದ ತರಬೇತಿಯಲ್ಲಿ ಪಾಸ್‌ವರ್ಡ್ ಹಾಕುವುದನ್ನು ತೋರಿಸಿದರು, ಪಿ.ಡಿ.ಎಫ್. ಇಳಿಸುವುದನ್ನು ತೋರಿಸಿದರು, ಚಹಾ ಕೊಟ್ಟು ಕಳಿಸಿದರು. ನಾನು ಕಷ್ಟಪಟ್ಟು ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ, ಸ್ಟಾಫ್‌ರೂಮಿನ ಗೋಡೆಗೆ ಅಂಟಿಸಿಕೊಳ್ಳಿ.

ಇನ್ನೂರು ಮಕ್ಕಳ ಶಾಲೆ ಎಂದು ಇಟ್ಟುಕೊಳ್ಳಿ. ಅವರಲ್ಲಿ ನಿಜವಾಗಿ ಶಾಲೆ ಬಿಡುವವರು 20, ಉಳಿಯುವವರು 180. ಒಂದು ಅಂದಾಜಿನ ಯಂತ್ರ ಬಿಡುವ 20ರಲ್ಲಿ 16 ಮಕ್ಕಳನ್ನು ಸರಿಯಾಗಿ ಹಿಡಿಯುತ್ತದೆ. ಉಳಿಯುವ 180ರಲ್ಲಿ 144 ಮಕ್ಕಳನ್ನೂ ಸರಿಯಾಗಿಯೇ ಗುರುತಿಸುತ್ತದೆ. ಮಾರುವವನು ಎದೆಯುಬ್ಬಿಸಿ ಹೇಳುತ್ತಾನೆ: ನೂರಕ್ಕೆ ಎಂಬತ್ತು ನಿಖರ! ಸುಳ್ಳಲ್ಲ. ಆದರೆ ಕೆಂಪಿನ ಪಟ್ಟಿಯನ್ನು ಎಣಿಸಿ. ಅದರಲ್ಲಿರುವವರು 16 ಮತ್ತು 36, ಒಟ್ಟು 52 ಮಕ್ಕಳು. 36 ಮಕ್ಕಳು ಶಾಲೆ ಬಿಡುವವರೇ ಅಲ್ಲ. ಕೆಂಪು ಹಚ್ಚಿಸಿಕೊಂಡ ಹತ್ತರಲ್ಲಿ ಸುಮಾರು ಏಳು ಮಕ್ಕಳ ಮೇಲೆ ಬಂದದ್ದು ಸುಳ್ಳು ಆರೋಪ. ಇತ್ತ ನಿಜವಾಗಿ ಬಿಡುವ ನಾಲ್ವರು ಹಸಿರಿನಲ್ಲಿ ಕೂತಿದ್ದಾರೆ, ಅವರನ್ನು ಯಾರೂ ವಿಚಾರಿಸುವುದಿಲ್ಲ.

ಇದು ಬರಿಯ ಉದಾಹರಣೆಯ ಲೆಕ್ಕ ಎನ್ನುತ್ತೀರಾ? ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಇಂಥ ಮುನ್ಸೂಚನೆಯ ವ್ಯವಸ್ಥೆ 2012ರಲ್ಲಿ ಬಂತು. ಅಂಕ, ಹಾಜರಿ, ಶಿಸ್ತಿನ ದಾಖಲೆಗಳ ಜೊತೆಗೆ ಜನಾಂಗವನ್ನೂ ಬಡತನವನ್ನೂ ಅದು ಎಣಿಸುತ್ತಿತ್ತು. 'ದಿ ಮಾರ್ಕಪ್' ಎಂಬ ಸುದ್ದಿಸಂಸ್ಥೆ 2023ರಲ್ಲಿ ಅದನ್ನು ಬಗೆದು ನೋಡಿತು. ಈ ಮಗು ಸಕಾಲಕ್ಕೆ ಓದು ಮುಗಿಸುವುದಿಲ್ಲ ಎಂದು ಅದು ಹೇಳಿದಾಗ ನಾಲ್ಕರಲ್ಲಿ ಸುಮಾರು ಮೂರು ಸಲ ತಪ್ಪಾಗಿತ್ತು. ಸುಳ್ಳು ಎಚ್ಚರಿಕೆ ಹೆಚ್ಚಾಗಿ ಬಿದ್ದದ್ದು ಕರಿಯ ಮತ್ತು ಹಿಸ್ಪಾನಿಕ್ ಮಕ್ಕಳ ಮೇಲೆ. ಇಂಗ್ಲೆಂಡಿನಲ್ಲಿ 2020ರ ಕೋವಿಡ್ ವರ್ಷ ಪರೀಕ್ಷೆ ರದ್ದಾದಾಗ ಶಾಲೆಯ ಹಿಂದಿನ ವರ್ಷಗಳ ಫಲಿತಾಂಶ ನೋಡಿ ಈ ವರ್ಷದ ಮಗುವಿಗೆ ಗ್ರೇಡು ಕೊಡುವ ಸೂತ್ರ ಮಾಡಿದರು. ಶಿಕ್ಷಕರು ಅಂದಾಜಿಸಿದ್ದ ಗ್ರೇಡುಗಳಲ್ಲಿ ಹತ್ತಿರ ಹತ್ತಿರ ಶೇಕಡಾ 40 ಕೆಳಗಿಳಿದವು. ಚಿಕ್ಕ ಚಿಕ್ಕ ಕ್ಲಾಸುಗಳ ಖಾಸಗಿ ಶಾಲೆಯವರಿಗೆ ಲಾಭವಾಯಿತು. ಮಕ್ಕಳು ಬೀದಿಗಿಳಿದರು. ಆಗಸ್ಟ್ 13ಕ್ಕೆ ಬಂದ ಫಲಿತಾಂಶವನ್ನು 17ಕ್ಕೆ ಸರ್ಕಾರ ಹಿಂತೆಗೆದುಕೊಂಡಿತು. ಅಲ್ಲಿ ಬೀದಿಗೆ ಬರಲು ಮಕ್ಕಳಿಗೆ ದನಿ ಇತ್ತು. ನಮ್ಮಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸುತ್ತಾರೆ.

ನಮ್ಮ ದೇಶಕ್ಕೂ ಇದು ಬಂದು ವರ್ಷಗಳಾದವು. ಆಂಧ್ರ ಸರ್ಕಾರ ಮೈಕ್ರೋಸಾಫ್ಟ್ ಜೊತೆ ಸೇರಿ ಶಾಲೆ ಬಿಡಬಹುದಾದ ಮಕ್ಕಳ ಪಟ್ಟಿ ಮಾಡಿತು. 2018–19ರ ಸಾಲಿಗೆ ವಿಶಾಖಪಟ್ಟಣ ಜಿಲ್ಲೆಯೊಂದರಲ್ಲೇ ಸುಮಾರು 19,500 ಮಕ್ಕಳ ಹೆಸರು ಬಂತು. ಆ ಯಂತ್ರದೊಳಗೆ ಮಗುವಿನ ಅಂಕದ ಜೊತೆ ಶಾಲೆಯ ಸೌಲಭ್ಯವೂ ಶಿಕ್ಷಕರ ಸಾಮರ್ಥ್ಯವೂ ಹೋಗಿತ್ತು. ಅಂದರೆ ಶೌಚಾಲಯವಿಲ್ಲದ ಶಾಲೆ, ಮಾಸ್ತರಿಲ್ಲದ ಶಾಲೆ ಕೂಡ ಅಪಾಯದ ಕಾರಣವೇ. ಹಾಗಿದ್ದರೆ ಕೆಂಪು ಬಣ್ಣ ಕಟ್ಟಡಕ್ಕೆ ಯಾಕೆ ಹಚ್ಚಲಿಲ್ಲ? ಮಗುವಿನ ಹಣೆಗೇ ಯಾಕೆ?

ಶಾಲೆಯ ಕಟ್ಟಡ ಬಿಡಿ, ಕಾರ್ಖಾನೆಯನ್ನು ನೋಡಿ. ಡೊಂಬಿವಲಿಯ ಎಂ.ಐ.ಡಿ.ಸಿ. ಕೈಗಾರಿಕಾ ವಲಯದಲ್ಲಿ 2016ರ ಮೇ 26ರಂದು ರಾಸಾಯನಿಕ ಕಾರ್ಖಾನೆ ಸಿಡಿಯಿತು. 2024ರ ಮೇ 23ರಂದು ಅಲ್ಲೇ ಇನ್ನೊಂದು ಸಿಡಿಯಿತು. ಎರಡೂ ಸಲ ಹತ್ತಕ್ಕಿಂತ ಹೆಚ್ಚು ಜನ ಸತ್ತರು. ಕಾರ್ಖಾನೆಯ ಅಪಾಯ ಅಂದಾಜಿಸಲಾಗದ ವ್ಯವಸ್ಥೆಗೆ ಆ ಕಾರ್ಖಾನೆಯ ಬೆನ್ನಿಗಿರುವ ಚಾಳಿನಲ್ಲಿ ಓದುವ ಮಗುವಿನ ಅಪಾಯ ಮಾತ್ರ ದಶಾಂಶದವರೆಗೆ ಗೊತ್ತು. ಎದುರಾಡದವರ ಮೇಲೆ ಮಾತ್ರ ಇವರ ಅಳತೆಗೋಲು ಏಳುತ್ತದೆ.

ಮಹಾರಾಷ್ಟ್ರದಲ್ಲಿ 'ಕಲ್ ಚಾಚಣಿ' ಎಂದೊಂದು ಇತ್ತು. 2016ರಿಂದ ಹತ್ತನೆಯ ಮಕ್ಕಳಿಗೆಲ್ಲ ರಾಜ್ಯ ಬೋರ್ಡು ಮಾಡಿಸಿದ ಅಭಿರುಚಿ ಪರೀಕ್ಷೆ. ಕೃಷಿ, ವಾಣಿಜ್ಯ, ಲಲಿತಕಲೆ, ಆರೋಗ್ಯ, ತಾಂತ್ರಿಕ, ಸಮವಸ್ತ್ರದ ಸೇವೆ ಹೀಗೆ ಏಳು ದಿಕ್ಕುಗಳು, ನಿನ್ನ ಒಲವು ಇತ್ತ ಎಂದು ಮಗುವಿಗೆ ವರದಿ. ಲಲಿತಕಲೆ ಎಂದು ಬರೆದ ಕಾಗದ ಹಿಡಿದು ಬಂದ ಹುಡುಗನ ಅಪ್ಪ ಲೋಕಲ್ ಟ್ರೇನಿನಲ್ಲಿ ಬಾಚಣಿಗೆ ಮಾರುವವ. "ಅಕ್ಕೋರ, ಮುಂದ ಏನ್ ಮಾಡಬೇಕ್ರಿ?" ಎಂದ. ಕಾಲೇಜು ಯಾವುದು, ಫೀ ಎಷ್ಟು, ಅಂಕ ಎಷ್ಟು ಬೇಕು, ಹೊಟ್ಟೆಪಾಡು ಹೇಗೆ, ಯಾವುದನ್ನೂ ಹೇಳಲು ಶಾಲೆಯಲ್ಲಿ ಒಬ್ಬ ಸಲಹೆಗಾರನಿರಲಿಲ್ಲ. ಪರೀಕ್ಷೆ ಮಾಡಲು ಕಂಪ್ಯೂಟರು ಬಂತು, ವಿವರಿಸಲು ಮನುಷ್ಯ ಬರಲಿಲ್ಲ. ಕೊನೆಗೆ ಆ ಚಾಚಣಿಯನ್ನೇ ನಿಲ್ಲಿಸಿದರು. ಕಾಗದ ಪಡೆದ ಮಕ್ಕಳಿಗೆ ಯಾರೂ ಉತ್ತರ ಕೊಡಲಿಲ್ಲ.

ಈಗ 'ಪ್ಯಾಟ್' ಎಂಬ ನಿಯತಕಾಲಿಕ ಪರೀಕ್ಷೆ. 2020ರಲ್ಲಿ ವಿಶ್ವಬ್ಯಾಂಕು ಶಾಲಾ ಶಿಕ್ಷಣ ಸುಧಾರಣೆಯ ಸ್ಟಾರ್ಸ್ ಯೋಜನೆಗೆ 50 ಕೋಟಿ ಡಾಲರ್ ಸಾಲ ಒಪ್ಪಿತು, ಆರು ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಒಂದು. ಅದರಡಿ ಮೂರನೆಯ ತರಗತಿಯಿಂದಲೇ ಪಾಯಾಭೂತ ಚಾಚಣಿ, ಅಂದರೆ ಬುನಾದಿ ಪರೀಕ್ಷೆ, ಆಮೇಲೆ ಸಂಕಲಿತ ಮೌಲ್ಯಮಾಪನ ಶುರುವಾದವು. ಪ್ರಶ್ನೆಪತ್ರಿಕೆ ಪುಣೆಯಿಂದ, ಕನ್ನಡದಲ್ಲೂ ಬರುತ್ತದೆ. ಅಂಕವನ್ನು ಮಾಸ್ತರರು ಮೊಬೈಲಿನ ಚಾಟ್‌ಬಾಟಿಗೆ ತುಂಬಬೇಕು. ಪರೀಕ್ಷೆಯೇ ಬೇಡ ಎನ್ನುವವಳು ನಾನಲ್ಲ. ಮಗು ಎಲ್ಲಿ ಎಡವುತ್ತಿದೆ ಎಂದು ತಿಳಿಯದೆ ಕಲಿಸುವುದು ಕಣ್ಣು ಕಟ್ಟಿಕೊಂಡು ನಡೆದಂತೆ. ಆದರೆ ತುಂಬುವ ಕೆಲಸಕ್ಕೆ ಕೊನೆಯ ತಾರೀಕು ಇದೆ, ಓದುವ ಕೆಲಸಕ್ಕೆ ಒಂದು ಪೀರಿಯಡ್ಡೂ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಕಲಮು ಜನಗಣತಿಗೆ, ಚುನಾವಣೆಗೆ, ವಿಪತ್ತಿಗೆ ನಮ್ಮನ್ನು ಎಳೆದೊಯ್ಯಲು ಒಪ್ಪಿಗೆ ಕೊಟ್ಟಿದೆ. ಮತಗಟ್ಟೆಯ ಬಿ.ಎಲ್.ಓ. ಎಂದು ಮನೆಮನೆ ಸುತ್ತಿ ಮತದಾರರ ಪಟ್ಟಿ ತಿದ್ದುವ ಮಾಸ್ತರಿಗೆ ಕೆಂಪಿನ ಮಗುವಿನ ಮನೆಗೆ ಹೋಗಲು ಪುರುಸೊತ್ತಿಲ್ಲ.

1882ರಲ್ಲಿ ಹಂಟರ್ ಆಯೋಗಕ್ಕೆ ಕೊಟ್ಟ ಮನವಿಯಲ್ಲಿ ಜೋತಿರಾವ್ ಫುಲೆ ದೂರಿದ್ದರು: ರೈತರ ಬೆವರಿನ ಕಂದಾಯದಿಂದ ಮೇಲಿನವರ ಮಕ್ಕಳು ಓದುತ್ತಿದ್ದಾರೆ ಎಂದು. ನಮ್ಮ ಕಾಲದಲ್ಲಿ ಸಾಲ ತಂದ ಹಣ ಬಡವರ ಮಕ್ಕಳನ್ನು ಅಳೆಯಲು ಖರ್ಚಾಯಿತು. ಕಲಿಸಲು ಎಷ್ಟು ಎಂದು ಕೇಳಿದರೆ ಬಾಯಿ ಮುಚ್ಚುತ್ತಾರೆ.

ವರದಿಗೆ ಕಾಣದ್ದು ಏನೆಂದು ಕೇಳಿ. ನಾಕಾದಲ್ಲಿ ನಿಲ್ಲುವ ನಮ್ಮ ಜನ ಮುಂಗಾರು ಬಿತ್ತನೆಗೆ ಊರಿಗೆ ಹೋಗುತ್ತಾರೆ. ಶಾಲೆ ಶುರುವಾಗುವುದು ಜೂನ್ ನಡುವೆ. ಜುಲೈ ಆಗಸ್ಟಿನಲ್ಲಿ ಪಾಯಾಭೂತ ಚಾಚಣಿ. ಹೊಲದಿಂದ ನಿನ್ನೆ ಬಂದ ಮಗು ಇವತ್ತು ಪರೀಕ್ಷೆಗೆ ಕೂರುತ್ತದೆ. ಆ ಅಂಕ ಕಡಿಮೆ, ಆ ಹಾಜರಿ ಕಡಿಮೆ, ಎರಡೂ ಸೇರಿ ಕೆಂಪು. ಅದೇ ಮಗು ಮನೆಯಲ್ಲಿ ಲಂಬಾಣಿ, ಓಣಿಯಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ, ಶಾಲೆಯಲ್ಲಿ ಪುಸ್ತಕದ ಕನ್ನಡ ಆಡುತ್ತದೆ. ನಾಲ್ಕು ಭಾಷೆ ನುಂಗಿದ ಆ ಮಗುವನ್ನು ಒಂದು ಪ್ರಶ್ನೆಪತ್ರಿಕೆ ದಡ್ಡ ಎನ್ನುತ್ತದೆ. 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರ ಅಧ್ಯಯನ ಬಂತು. ಕೋಲ್ಕತ್ತ, ದೆಹಲಿಯ ಸಂತೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳು ಹಲವು ಮೆಟ್ಟಿಲಿನ ಲೆಕ್ಕವನ್ನು ಬಾಯಲ್ಲೇ ಮಾಡುತ್ತಾರೆ, ಅದೇ ಲೆಕ್ಕ ಶಾಲೆಯ ರೂಪದಲ್ಲಿ ಬಂದರೆ ತಡವರಿಸುತ್ತಾರೆ. ಲೆಕ್ಕ ಬರುವ ಮಗುವಿಗೆ ಲೆಕ್ಕ ಬರುವುದಿಲ್ಲ ಎಂದು ಬರೆದದ್ದು ಯಾರ ಸೋಲು?

ಆದ್ದರಿಂದ ಮಾಸ್ತರರೇ, ಅಕ್ಕೋರುಗಳೇ, ವರದಿ ಕೈಗೆ ಬಂದಾಗ ಬಣ್ಣ ನೋಡಬೇಡಿ. ಪಾಸಿನ ಗೆರೆ 35 ಎಂದರೆ 34ರ ಮಗುವಿಗೂ 36ರ ಮಗುವಿಗೂ ಯಾವ ವ್ಯತ್ಯಾಸವೂ ಇಲ್ಲ. ಒಂದು ಪ್ರಶ್ನೆ ಬದಲಾಗಿದ್ದರೆ, ಅಂದು ಬೆಳಗ್ಗೆ ನೀರಿನ ಟ್ಯಾಂಕರು ಹೊತ್ತಿಗೆ ಬಂದಿದ್ದರೆ ಇಬ್ಬರೂ ಅದಲು ಬದಲಾಗುತ್ತಿದ್ದರು. ನೂರಕ್ಕೆ ಎಪ್ಪತ್ತು ಅಪಾಯ ಎಂದರೆ ಹಿಂದೆ ಇಂಥ ನೂರು ಮಕ್ಕಳಲ್ಲಿ ಎಪ್ಪತ್ತು ಮಕ್ಕಳು ಸೋತರು ಎಂದು ಅರ್ಥ. ಮೂವತ್ತು ಮಕ್ಕಳು ಗೆದ್ದರು. ನಿಮ್ಮೆದುರಿನ ಮಗು ಯಾವ ಗುಂಪಿನದು ಎಂದು ಆ ಕಾಗದಕ್ಕೆ ಗೊತ್ತಿಲ್ಲ. ಯಾವ ಪ್ರಶ್ನೆ ತಪ್ಪಿತು, ಯಾಕೆ ತಪ್ಪಿತು ಎಂದು ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿ. ಪ್ರಶ್ನೆಯ ಮಾತು ತಿಳಿಯಲಿಲ್ಲವೋ, ಲೆಕ್ಕವೇ ಬರಲಿಲ್ಲವೋ ಬೇರ್ಪಡಿಸಿ. ಅಪಾಯದ ಕಾರಣಗಳಲ್ಲಿ ನಿಮ್ಮ ಕೈಯಲ್ಲಿರುವುದು ಯಾವುದು ನೋಡಿ. ತಾಯಿ ಓದಿಲ್ಲ ಎಂಬುದನ್ನು ನೀವು ಬದಲಿಸಲಾರಿರಿ. ಮಗುವಿಗೆ ಭಾಗಾಕಾರ ಬರುವುದಿಲ್ಲ ಎಂಬುದನ್ನು ಬದಲಿಸಬಹುದು. ಅದಕ್ಕೇ ನಿಮಗೆ ಪಗಾರ.

ಇನ್ನೊಂದು ಮಾತನ್ನು ಎದೆಗೆ ಹಾಕಿಕೊಳ್ಳಿ. ಮುನ್ಸೂಚನೆ ಹೇಳುವುದು ಇಷ್ಟೇ: ನೀವು ಏನೂ ಮಾಡದೆ ಕೂತರೆ ಹೀಗಾಗುತ್ತದೆ. ಅದು ಮಗುವಿನ ಮೇಲಿನ ತೀರ್ಪಲ್ಲ, ನಮ್ಮ ಹೆಸರಿಗೆ ಬಂದ ನೋಟಿಸು. ಅದನ್ನು ಸುಳ್ಳು ಮಾಡುವುದೇ ಮಾಸ್ತರಿಕೆ. ವರದಿ ಹೇಳಿದಂತೆಯೇ ಎಲ್ಲ ನಡೆಯಿತು ಎಂದು ಯಾವ ಶಾಲೆ ಹೇಳುತ್ತದೋ ಆ ಶಾಲೆ ಇಡೀ ವರ್ಷ ಏನೂ ಮಾಡಿಲ್ಲ.

ನಮ್ಮ ಕನ್ನಡ ಸಂಘಗಳ ಹಿರಿಯರಿಗೂ ಒಂದು ಮಾತು. ನವೆಂಬರ್ ಒಂದಕ್ಕೆ ಭುವನೇಶ್ವರಿಯ ಪಟದ ಮುಂದೆ ದೀಪ ಹಚ್ಚುತ್ತೀರಿ, ಶಾಲು ಹೊದಿಸುತ್ತೀರಿ, ಹೊರನಾಡಿನಲ್ಲಿ ಕನ್ನಡ ಉಳಿಸಿದೆವು ಎಂದು ಮೈಕಿನಲ್ಲಿ ಕೂಗುತ್ತೀರಿ. ನಿಮ್ಮ ಮೊಮ್ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿದ್ದಾರೆ. ಈ ಊರುಗಳಲ್ಲಿ ಕನ್ನಡ ಶಾಲೆಯ ಬೆಂಚು ಹಿಡಿದು ಕೂತಿರುವುದು ಕೂಲಿಯವರ ಮಕ್ಕಳು. ಆ ಮಕ್ಕಳ ಹೆಸರು ಹದಿನೇಳು ನಂಬರ್ ಫಾರ್ಮಿಗೆ ಏರುವಾಗ ನೀವು ಎಲ್ಲಿದ್ದಿರಿ? ಅವರು ಹೋದ ದಿನ ನಿಮ್ಮ ಕನ್ನಡವೂ ಹೋಗುತ್ತದೆ, ಪಟ ಮಾತ್ರ ಉಳಿಯುತ್ತದೆ.

ನಾನು ಕೇಳುವುದು ಭಿಕ್ಷೆಯಲ್ಲ. ಪ್ರತಿ ವರದಿಯ ಮೇಲೆ ಅದು ಎಷ್ಟು ಸಲ ತಪ್ಪುತ್ತದೆ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಿ. ವರದಿ ಬಂದ ಮೇಲೆ ಬೇರೆ ಕೆಲಸ ಹೇರದೆ ಮಾಸ್ತರಿಗೆ ಅದನ್ನು ಓದಲು, ಮನೆಗೆ ಹೋಗಲು ದಿನ ಕೊಡಿ. ತಾಯಿಗೆ ಅವಳ ಮಾತಿನಲ್ಲೇ ಓದಿ ಹೇಳಿ, ಅವಳು ಹೇಳುವುದನ್ನೂ ಬರೆದುಕೊಳ್ಳಿ. ಮುನ್ಸೂಚನೆ ತೋರಿಸಿ ಹದಿನೇಳು ನಂಬರ್ ಫಾರ್ಮಿಗೆ ಸಹಿ ಹಾಕಿಸಿಕೊಂಡವರ ಮೇಲೆ ಕ್ರಮ ತೆಗೆದುಕೊಳ್ಳಿ. ಒಂಬತ್ತನೆಯಲ್ಲಿ ಎಷ್ಟು ಮಕ್ಕಳಿದ್ದರು, ಹತ್ತನೆಯ ಪರೀಕ್ಷೆಗೆ ಶಾಲೆಯ ಹೆಸರಿನಲ್ಲಿ ಎಷ್ಟು ಮಕ್ಕಳು ಕೂತರು, ನಡುವೆ ಕಾಣೆಯಾದವರು ಎಲ್ಲಿ ಹೋದರು, ಈ ಲೆಕ್ಕವನ್ನು ಪ್ರತಿ ಶಾಲೆಯೂ ತನ್ನ ಗೇಟಿನ ಮೇಲೆ ಬರೆಯಲಿ.

ಬರೆಯಲಾಗದ ಶಾಲೆ ನೂರಕ್ಕೆ ನೂರರ ಬ್ಯಾನರನ್ನು ಇವತ್ತೇ ಇಳಿಸಲಿ. ಇಳಿಸದಿದ್ದರೆ ನಾವು ತಾಯಂದಿರನ್ನು ಕರೆದುಕೊಂಡು ಬರುತ್ತೇವೆ, ನಾವೇ ಇಳಿಸುತ್ತೇವೆ.